ವಿಜ್ಞಾನ ಸಂಗ್ರಹಾಲಯ, ಮೃಗಾಲಯ: ಟಿಕೆಟ್ ಎಣಿಕೆಯಾಚೆ

ಶಾಲೆಗಳಿಗೆ ರಜೆ ಬಿದ್ದೊಡನೆ ಬೆಂಗಳೂರಿನ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಮೂವತ್ತು ವರ್ಷಗಳ ಹಿಂದೆ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಕಬ್ಬನ್ ಉದ್ಯಾನದ ಬಾಲಭವನ, ಅಲ್ಲಿಂದ ಹೆಜ್ಜೆಯಳತೆಯ ದೂರದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಇಡೀ ದಿನ ಬಿಡುವಿದ್ದರೆ ಬನ್ನೇರುಘಟ್ಟ. ಈಗ ಹವಾನಿಯಂತ್ರಿತ ಮಾಲ್‌ಗಳೂ ಅವುಗಳೊಳಗಿನ ಆಟದ ಅಂಗಳಗಳೂ ಆ ಜಾಗವನ್ನು ಬಹುಪಾಲು ಆಕ್ರಮಿಸಿವೆ. ಆದರೂ ವಿಜ್ಞಾನ ಸಂಗ್ರಹಾಲಯ ಮತ್ತು ಮೃಗಾಲಯಗಳಿಗೆ ಒಂದು ವೈಶಿಷ್ಟ್ಯ ಉಳಿದಿದೆ. ಗಾರೆ ಕೆಲಸದವನ ಸಂಸಾರವೂ ಸಾಫ್ಟ್‌ವೇರ್ ಎಂಜಿನಿಯರನ ಸಂಸಾರವೂ ಒಂದೇ ಸರತಿಯಲ್ಲಿ ನಿಂತು, ಒಂದೇ ವಸ್ತುವನ್ನು ನೋಡಿ ಬೆರಗಾಗುವ ಸ್ಥಳಗಳು ಈ ಮಹಾನಗರದಲ್ಲಿ ಇವನ್ನು ಬಿಟ್ಟರೆ ಹೆಚ್ಚಿಲ್ಲ. ಆಸ್ಪತ್ರೆಗಳು ಬೇರೆಯಾಗಿ ಬಹಳ ಕಾಲವಾಯಿತು. ಶಾಲೆಗಳು ಅದಕ್ಕೂ ಮುಂಚೆ.

ಕಳೆದ ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಮಗಳು, ಅಳಿಯ ಮತ್ತು ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಹಿರಿಯವಳಿಗೆ ಹನ್ನೊಂದು, ಕಿರಿಯವನಿಗೆ ಏಳು. ಒಂದು ಶನಿವಾರ ಸಂಗ್ರಹಾಲಯ, ಮರುದಿನ ಬನ್ನೇರುಘಟ್ಟ ಎಂದು ತೀರ್ಮಾನವಾಯಿತು. ಅರ್ಥಶಾಸ್ತ್ರವನ್ನು ಓದಿ, ಸೇವೆಯ ಕೆಲವು ವರ್ಷಗಳನ್ನು ಹಣಕಾಸಿನ ಕಡತಗಳ ನಡುವೆ ಕಳೆದವನಿಗೆ ನಿವೃತ್ತಿಯ ನಂತರವೂ ಹಳೆಯ ಚಾಳಿ ಬಿಡುವುದಿಲ್ಲ. ಮಕ್ಕಳು ವಿಮಾನವನ್ನೂ ಕರಡಿಯನ್ನೂ ನೋಡುತ್ತಿದ್ದರೆ ನಾನು ಅವುಗಳ ಹಿಂದಿನ ಲೆಕ್ಕವನ್ನು ಯೋಚಿಸುತ್ತಿದ್ದೆ.

ಮೊದಲು ಸಂಗ್ರಹಾಲಯದ ವಿಷಯ. ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಿಗಾಗಿ ಅಂದಿನ ಮೈಸೂರು ರಾಜ್ಯದ ಕೈಗಾರಿಕಾ ಸಂಸ್ಥೆಗಳು ಕೂಡಿ ಕಟ್ಟಿಸಿದ ಕಟ್ಟಡ ಇದು. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಪ್ರಧಾನಿ ನೆಹರೂ ಕಟ್ಟಡವನ್ನು ಉದ್ಘಾಟಿಸಿದರು. ವಿದ್ಯುತ್ ತಂತ್ರಜ್ಞಾನದ ಮೊದಲ ಗ್ಯಾಲರಿ ಸಾರ್ವಜನಿಕರಿಗೆ ತೆರೆದದ್ದು 1965ರಲ್ಲಿ. ವಿಷಯದ ಆಯ್ಕೆ ಸರಿಯಾಗಿಯೇ ಇತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿ, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ ಸಂಸ್ಥಾನದಲ್ಲಿ ಮೊದಲು ಹೇಳಬೇಕಾದ ಕಥೆ ಅದೇ ತಾನೆ? ಇಂದು ಈ ಸಂಸ್ಥೆ ಕೇಂದ್ರ ಸಂಸ್ಕೃತಿ ಸಚಿವಾಲಯದಡಿಯ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿಗೆ ಸೇರಿದೆ.

ಅಂಗಳದಲ್ಲಿ ನಿಂತಿರುವ ಮಾರುತ್ ಯುದ್ಧವಿಮಾನದ ಮುಂದೆ ನಾವು ಬಹಳ ಹೊತ್ತು ಕಳೆದೆವು. ಎಚ್‌ಎಫ್-24 ಎಂಬುದು ಅದರ ಅಧಿಕೃತ ಹೆಸರು. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇದೇ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿದ, ಭಾರತದಲ್ಲಿ ಅಭಿವೃದ್ಧಿಯಾದ ಮೊದಲ ಜೆಟ್ ಯುದ್ಧವಿಮಾನ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ತನ್ನ ಕೆಲಸ ಮಾಡಿತು. ಆದರೆ ಅದರ ಚೌಕಟ್ಟಿಗೆ ತಕ್ಕ ಶಕ್ತಿಯ ಎಂಜಿನ್ ಕೊನೆಯವರೆಗೂ ದೊರೆಯಲಿಲ್ಲ. ಶಬ್ದಾತೀತ ವೇಗಕ್ಕೆಂದು ಕಲ್ಪಿಸಿದ ವಿಮಾನ ಆ ವೇಗವನ್ನು ಕಾಣದೆಯೇ ನಿವೃತ್ತವಾಯಿತು. ‘ಮತ್ತೆ ಎಂಜಿನ್ ನಾವೇ ಯಾಕೆ ಮಾಡಲಿಲ್ಲ?’ ಎಂದು ಮೊಮ್ಮಗಳು ಕೇಳಿದಳು. ನಾನು ಕಾವೇರಿ ಎಂಜಿನ್ ಯೋಜನೆಯ ಬಗ್ಗೆ ನನಗೆ ತಿಳಿದಷ್ಟು ಹೇಳಿದೆ. ಇಂದು ತೇಜಸ್ ಹಾರುತ್ತಿರುವುದೂ ಅಮೆರಿಕದ ಎಂಜಿನ್ನಿನ ಬಲದಿಂದಲೇ ಎಂಬುದನ್ನು ಹೇಳದಿರಲಾಗಲಿಲ್ಲ. ಹನ್ನೊಂದರ ಹುಡುಗಿಗೆ ಇದು ಭಾರವಾದ ವಿಷಯ ಎಂದು ಅಳಿಯನ ಅಭಿಪ್ರಾಯ. ಹಾಗೆ ನನಗನ್ನಿಸಲಿಲ್ಲ. ಪಠ್ಯಪುಸ್ತಕದಲ್ಲಿ ನಮ್ಮ ಸಾಧನೆಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ. ಎಲ್ಲಿ ತಡೆದು ನಿಂತೆವು ಎಂಬುದನ್ನು ಮಗು ಕೇಳುವಂತೆ ಮಾಡುವುದು ಬಿಸಿಲಲ್ಲಿ ನಿಂತ ಇಂಥ ಲೋಹದ ಒಡಲು ಮಾತ್ರ.

ಒಳಗೆ ಎಂಜಿನ್ ಗ್ಯಾಲರಿಯಲ್ಲಿ ಸೀಳಿ ತೋರಿಸಿದ ಎಂಜಿನ್ನುಗಳಿವೆ. ಉರುಳೆಯೊಳಗೆ ಕೊಂತ ಮೇಲೆ ಕೆಳಗೆ ಚಲಿಸುವುದನ್ನು ಮೊಮ್ಮಗ ಕಣ್ಣಾರೆ ಕಂಡ. ರೈಟ್ ಸೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಇದೆ. 1903ರ ಡಿಸೆಂಬರ್ 17ರಂದು ಆ ವಿಮಾನದ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಮಾತ್ರ. ‘ನಮ್ಮ ಬೀದಿಯ ತುದಿಗೂ ಮುಟ್ಟುವುದಿಲ್ಲ’ ಎಂದು ಅವನು ಲೆಕ್ಕ ಹಾಕಿದ. ಮೋಜಿನ ವಿಜ್ಞಾನದ ವಿಭಾಗದಲ್ಲಿ ಮಕ್ಕಳ ಗದ್ದಲವೇ ಗದ್ದಲ. ಅಲ್ಲಿ ನಮ್ಮ ಪಕ್ಕದಲ್ಲಿ ಗ್ರಾಮೀಣ ಸರ್ಕಾರಿ ಶಾಲೆಯೊಂದರ ಮಕ್ಕಳ ತಂಡವಿತ್ತು. ರಜೆಯಲ್ಲೂ ಅವರ ಶಿಕ್ಷಕಿಯೊಬ್ಬರು ಕರೆತಂದಿದ್ದರು. ಒಬ್ಬ ಹುಡುಗ ಪ್ರತಿಯೊಂದು ಕನ್ನಡ ಫಲಕವನ್ನೂ ಗಟ್ಟಿಯಾಗಿ ಓದಿ, ಆಮೇಲೆ ಗುಂಡಿ ಒತ್ತುತ್ತಿದ್ದ. ಇಂಗ್ಲಿಷ್ ಮಾಧ್ಯಮದ ನನ್ನ ಮೊಮ್ಮಕ್ಕಳು ಓದದೆಯೇ ಗುಂಡಿ ಒತ್ತಿ ಮುಂದೆ ಓಡುತ್ತಿದ್ದರು. ಯಾರು ಹೆಚ್ಚು ಕಲಿತರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈಗ ಲೆಕ್ಕದ ಮಾತಿಗೆ ಬರೋಣ. ಜ್ಯೂಲ್ ಡ್ಯುಪ್ವಿ ಎಂಬ ಫ್ರೆಂಚ್ ಎಂಜಿನಿಯರ್ 1844ರಲ್ಲಿ ಸಾರ್ವಜನಿಕ ಕಾಮಗಾರಿಗಳ ಉಪಯುಕ್ತತೆಯನ್ನು ಅಳೆಯುವ ಬಗೆಯನ್ನು ಕುರಿತು ಪ್ರಬಂಧವೊಂದನ್ನು ಬರೆದ. ನಮ್ಮ ಕಾಲದ ಎಂ.ಎ. ವಿದ್ಯಾರ್ಥಿಗಳು ಅದನ್ನು ಓದಲೇಬೇಕಿತ್ತು. ಅವನ ವಾದದ ತಿರುಳು ಇಷ್ಟು: ಸೇತುವೆ ಒಮ್ಮೆ ಕಟ್ಟಿದ ಮೇಲೆ ಅದರ ಮೇಲೆ ಇನ್ನೊಬ್ಬ ನಡೆದು ಹೋದರೆ ಆಗುವ ಹೆಚ್ಚುವರಿ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಸುಂಕಕ್ಕೆ ಹೆದರಿ ಅವನು ಹಿಂದಿರುಗಿದರೆ ಸುಂಕದ ಕಟ್ಟೆಗೆ ಏನೂ ದಕ್ಕುವುದಿಲ್ಲ, ಅವನಿಗಾಗಬಹುದಾಗಿದ್ದ ಪ್ರಯೋಜನ ಮಾತ್ರ ನಷ್ಟವಾಗುತ್ತದೆ. ವಿಜ್ಞಾನ ಸಂಗ್ರಹಾಲಯ ಇಂಥ ಸೇತುವೆ. ಎಂಜಿನ್ ಈಗಾಗಲೇ ಸೀಳಿ ಇಟ್ಟದ್ದು; ವಾರದ ದಿನ ಖಾಲಿಯಿರುವ ಗ್ಯಾಲರಿಯಲ್ಲಿ ಇನ್ನೂ ಐವತ್ತು ಮಕ್ಕಳು ನಿಂತು ನೋಡಿದರೆ ಅದೇನೂ ಸವೆಯುವುದಿಲ್ಲ. ಹಾಗಾಗಿ ಅಲ್ಲಿ ಶುಲ್ಕವನ್ನು ಹೆಚ್ಚಿಸಿ ಆದಾಯ ತೋರಿಸುವುದು ಲೆಕ್ಕಪರಿಶೋಧಕರಿಗೆ ಹಿತವಾಗಬಹುದು, ಅರ್ಥಶಾಸ್ತ್ರಕ್ಕೆ ಅಲ್ಲ.

ಮೃಗಾಲಯ ಸೇತುವೆಯಲ್ಲ. ಅದರ ವಸ್ತುಗಳು ಉಣ್ಣುತ್ತವೆ, ನಿದ್ರಿಸುತ್ತವೆ, ಹೆದರುತ್ತವೆ. ಭಾನುವಾರ ಮಧ್ಯಾಹ್ನ ಹತ್ತು ಸಾವಿರನೆಯ ಸಂದರ್ಶಕ ಒಳಬಂದಾಗ ಆಗುವ ವೆಚ್ಚ ಸೊನ್ನೆಯಲ್ಲ. ಆದರೆ ಅದನ್ನು ತೆರುವವನು ಅವನಲ್ಲ, ಬೇಲಿಯಾಚೆಗಿನ ಪ್ರಾಣಿ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತೇವೆ. ನಮ್ಮ ಆಡಳಿತ ಈ ಎರಡು ಸಂಸ್ಥೆಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತದೆ: ಈ ವರ್ಷ ಎಷ್ಟು ಜನ ಬಂದರು, ಎಷ್ಟು ಹಣ ಬಂತು. ಸಂಖ್ಯೆ ಏರಿದರೆ ಎರಡು ಕಡೆಯೂ ಶಹಬ್ಬಾಸ್. ನನ್ನ ತಕರಾರು ಇರುವುದು ಇಲ್ಲಿಯೇ.

ಮೆಜೆಸ್ಟಿಕ್‌ನಿಂದ 365ನೇ ಸಂಖ್ಯೆಯ ಬಸ್ಸಿನಲ್ಲಿ ನಾವು ಬನ್ನೇರುಘಟ್ಟಕ್ಕೆ ಹೋದೆವು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ನಮ್ಮ ಮನೆಯ ಹೆಂಗಸರಿಗೆ ಟಿಕೆಟ್ಟಿನ ಖರ್ಚಿರಲಿಲ್ಲ. ಬಸ್ಸು ತುಂಬ ಕೈಗೂಸುಗಳೊಂದಿಗೆ ಹೊರಟ ತಾಯಂದಿರಿದ್ದರು. ಈ ಯೋಜನೆಯ ಆರ್ಥಿಕ ಭಾರದ ಬಗ್ಗೆ ನನಗೆ ಬೇರೆ ಅಭಿಪ್ರಾಯಗಳಿವೆ, ಅವನ್ನು ಇನ್ನೊಮ್ಮೆ ಬರೆಯಬಹುದು. ಆದರೆ ಗಂಡನ ಕೈಯಿಂದ ಬಸ್ ಚಾರ್ಜು ಕೇಳದೆ ಮಕ್ಕಳನ್ನು ಹುಲಿ ತೋರಿಸಲು ಕರೆತಂದ ಆ ತಾಯಂದಿರ ಮುಖಗಳನ್ನು ನೋಡಿದವನು ತನ್ನ ಅಭಿಪ್ರಾಯವನ್ನು ಸ್ವಲ್ಪ ಮೆಲ್ಲಗೆ ಹೇಳುವುದು ಒಳ್ಳೆಯದು.

ಬೆಂಗಳೂರಿಗೆ ಮೃಗಾಲಯ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಲ್‌ಬಾಗಿನಲ್ಲೇ ಪುಟ್ಟ ಪ್ರಾಣಿಸಂಗ್ರಹವೊಂದಿತ್ತು. ಅದರ ಕುರುಹಾಗಿ ಪಾರಿವಾಳದ ಗೂಡು ಈಗಲೂ ನಿಂತಿದೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಸ್ಥಾಪಿಸಿದ ಮೃಗಾಲಯ ದೇಶದ ಹಳೆಯ ಮೃಗಾಲಯಗಳಲ್ಲೊಂದು. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಅದರ ಒಂದು ಭಾಗವನ್ನು 2002ರಲ್ಲಿ ಜೈವಿಕ ಉದ್ಯಾನವೆಂದು ಬೇರ್ಪಡಿಸಲಾಯಿತು. 2006ರಲ್ಲಿ ಚಿಟ್ಟೆ ಉದ್ಯಾನ, 2024ರಲ್ಲಿ ಚಿರತೆ ಸಫಾರಿ ಸೇರಿಕೊಂಡವು.

ಸಫಾರಿಯ ಬಸ್ಸಿನಲ್ಲಿ ಮಕ್ಕಳೆಲ್ಲ ಹುಲಿಗಾಗಿ ಕಾದಿದ್ದರು. ಹುಲಿ ಕಂಡಿತು, ಬೆನ್ನು ತಿರುಗಿಸಿ ಮಲಗಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಕರಡಿಗಳು. ನನ್ನ ವಯಸ್ಸಿನವರಿಗೆ ಕರಡಿ ಎಂದರೆ ಬೀದಿಯಲ್ಲಿ ಮೂಗಿಗೆ ಹಗ್ಗ ಪೋಣಿಸಿಕೊಂಡು ಡಮರುಗದ ತಾಳಕ್ಕೆ ಎರಡು ಕಾಲ ಮೇಲೆ ನಿಲ್ಲುತ್ತಿದ್ದ ಪ್ರಾಣಿ. ಅದರ ಕೂದಲನ್ನು ತಾಯಿತಕ್ಕೆ ಸೇರಿಸಿ ಕಟ್ಟಿದರೆ ಮಕ್ಕಳ ಹೆದರಿಕೆ ಹೋಗುತ್ತದೆಂದು ನಮ್ಮ ತಾಯಂದಿರು ಕಾಸು ಕೊಟ್ಟು ಕೊಳ್ಳುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಈ ಆಟ ದಶಕಗಳ ಕಾಲ ನಡೆಯಿತು. ಹಾಗೆ ಬೀದಿಯಿಂದ ಬಿಡಿಸಿದ ಕರಡಿಗಳಿಗಾಗಿ 2005ರಲ್ಲಿ ಬನ್ನೇರುಘಟ್ಟದಲ್ಲಿ ರಕ್ಷಣಾ ಕೇಂದ್ರ ಆರಂಭವಾಯಿತು. ದೇಶದಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿ ಎಂದು ಹೇಳಲಾದದ್ದು ಬಿಡುಗಡೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಸರ್ಕಸ್ಸಿನ ಸಿಂಹಗಳ ಕಥೆಯೂ ಇದೇ. ಹುಲಿ, ಸಿಂಹ, ಕರಡಿ ಮುಂತಾದವನ್ನು ಪ್ರದರ್ಶನಕ್ಕೆ ಬಳಸುವುದನ್ನು ನಿಷೇಧಿಸಿ ಕೇಂದ್ರ ಸರ್ಕಾರ 1998ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಅನಂತರ ಸರ್ಕಸ್ಸಿನ ಪ್ರಾಣಿಗಳಿಗೆ ಇಂಥ ಪುನರ್ವಸತಿ ಕೇಂದ್ರಗಳೇ ಮನೆಯಾದವು.

ಇದನ್ನು ಮೊಮ್ಮಕ್ಕಳಿಗೆ ವಿವರಿಸಿದಾಗ ಕಿರಿಯವನು, ‘ಹಾಗಾದರೆ ಇವು ಈಗ ಪಿಂಚಣಿಯಲ್ಲಿವೆಯಾ?’ ಎಂದ. ನಕ್ಕೆವು, ಆದರೆ ಅವನ ಮಾತು ಸರಿಯಾಗಿಯೇ ಇತ್ತು. ಒಂದು ಸಮಾಜ ತಾನು ದುಡಿಸಿಕೊಂಡ ಪ್ರಾಣಿಗಳಿಗೆ ತೆರುವ ಬಾಕಿ ಇದು. ಅದನ್ನು ಭಾನುವಾರದ ಪ್ರವಾಸಿಗನ ಟಿಕೆಟ್ಟಿನಿಂದ ವಸೂಲಾಗಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ?

ನಮ್ಮ ಮೃಗಾಲಯಗಳು ಬಹುಮಟ್ಟಿಗೆ ಪ್ರವೇಶ ಶುಲ್ಕವನ್ನೇ ನೆಚ್ಚಿಕೊಂಡಿವೆ. ಇದರ ಅಪಾಯ ಕೊರೋನಾ ಕಾಲದಲ್ಲಿ ಬಯಲಾಯಿತು. 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದವು, 2021ರಲ್ಲಿ ಮತ್ತೊಮ್ಮೆ. ಗಲ್ಲಾಪೆಟ್ಟಿಗೆ ಬರಿದಾಯಿತು, ಆನೆಯ ಹಸಿವು ಬರಿದಾಗಲಿಲ್ಲ. ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವಾದರೂ ಬೇಕು. 2021ರ ಜೂನ್‌ನಲ್ಲಿ ಕನ್ನಡದ ಜನಪ್ರಿಯ ನಟರೊಬ್ಬರು ಪ್ರಾಣಿಗಳನ್ನು ದತ್ತು ಪಡೆಯಿರೆಂದು ಕರೆ ಕೊಟ್ಟಾಗ ಜನ ಧಾರಾಳವಾಗಿ ಸ್ಪಂದಿಸಿದರು. ಕನ್ನಡಿಗರ ಆ ಔದಾರ್ಯಕ್ಕೆ ಕೈಮುಗಿಯೋಣ. ಆದರೆ ತಾರೆಯೊಬ್ಬರು ಕರೆ ಕೊಟ್ಟರೆ ಮಾತ್ರ ಹುಲಿಗೆ ಊಟ ಎಂಬುದು ಒಂದು ರಾಜ್ಯದ ಹಣಕಾಸು ನೀತಿಯಾಗಲಾರದು. ಖರ್ಚು ಸ್ಥಿರವಾಗಿದ್ದು ಆದಾಯ ಮಾತ್ರ ಚಂಚಲವಾಗಿರುವ ಸಂಸ್ಥೆಗೆ ಆಪದ್ಧನ ಬೇಕು. ಒಂದು ವರ್ಷದ ಆಹಾರ, ಔಷಧ ಮತ್ತು ಪಾಲಕರ ಸಂಬಳಕ್ಕೆ ಸಾಲುವಷ್ಟು ಮೂಲನಿಧಿಯನ್ನು 1979ರಿಂದ ಇರುವ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಹೆಸರಿನಲ್ಲಿ ಬಜೆಟ್ಟಿನಿಂದಲೇ ಕಟ್ಟಿಡುವುದು ದುಬಾರಿಯೇನಲ್ಲ. ಒಂದು ಮೇಲ್ಸೇತುವೆಯ ಪರಿಷ್ಕೃತ ಅಂದಾಜಿನಲ್ಲಿ ಇಂಥ ಮೊತ್ತಗಳು ಸದ್ದಿಲ್ಲದೆ ಸೇರಿಹೋಗುವುದನ್ನು ನಾನು ಕಂಡಿದ್ದೇನೆ. ಮೈಸೂರು, ಬನ್ನೇರುಘಟ್ಟಗಳು ಹೇಗೋ ಸುಧಾರಿಸಿಕೊಂಡಾವು. ಗದಗ, ದಾವಣಗೆರೆಗಳಂಥ ಕಡೆಯ ಚಿಕ್ಕ ಮೃಗಾಲಯಗಳ ಗತಿಯೇನು?

ಗಳಿಕೆಯ ಒತ್ತಡದ ಇನ್ನೊಂದು ಫಲವೆಂದರೆ ಹೊಸ ಹೊಸ ಆಕರ್ಷಣೆಗಳ ಹಸಿವು. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ ಮೊದಲಾದವನ್ನು ತರುವ ಒಪ್ಪಂದ. ವಿನಿಮಯ ಕಾನೂನುಬದ್ಧವಾದುದು, ಆನೆಗಳ ಸಂಖ್ಯೆ ಹೆಚ್ಚಿದ ಕೇಂದ್ರಕ್ಕೆ ಅನುಕೂಲವೂ ಇರಬಹುದು. ಆದರೂ ನನಗೊಂದು ಸಂದೇಹ. ಬೆಂಗಳೂರಿನ ಹಳೆಯ ಮರಗಳ ಮೇಲೆ ಇಂದಿಗೂ ಅಲ್ಲಲ್ಲಿ ಬದುಕಿರುವ ಕಾಡುಪಾಪವನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? ಅಂಗೈಯಗಲದ, ದೊಡ್ಡ ಕಣ್ಣಿನ, ರಾತ್ರಿ ಸಂಚರಿಸುವ ಈ ಪ್ರಾಣಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಾಣಸಿಕ್ಕಿದೆ. ಮರದಿಂದ ಮರಕ್ಕೆ ಕೊಂಬೆ ಹಿಡಿದು ಸಾಗುವುದೇ ಹೊರತು ನೆಲಕ್ಕಿಳಿದು ಓಡಲು ಅದಕ್ಕೆ ಸುಲಭವಲ್ಲ. ರಸ್ತೆ ಅಗಲವಾದಾಗ ಅದರ ಲೋಕ ತುಂಡಾಗುತ್ತದೆ. ದಕ್ಷಿಣ ಅಮೆರಿಕದ ಜಾಗ್ವಾರ್ ನೋಡಿದ ಮಗು ‘ಅಬ್ಬಾ’ ಎನ್ನುತ್ತದೆ. ಕಾಡುಪಾಪದ ಕಥೆ ಕೇಳಿದ ಮಗು ತನ್ನ ಬೀದಿಯ ಮರವನ್ನು ಕಡಿಯುವಾಗ ಏಕೆಂದು ಕೇಳೀತು. ಎರಡನೆಯದರಿಂದ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ, ಅಷ್ಟೆ.

ಸಂಗ್ರಹಾಲಯಗಳ ರೋಗ ಬೇರೆ ಬಗೆಯದು. ಕೆಲವು ವರ್ಷಗಳ ಹಿಂದೆ ನಾನು ಕಂಡ, ಹೆಸರಿಸಬೇಕಾಗಿಲ್ಲದ ಒಂದು ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಹನ್ನೆರಡು ಗುಂಡಿಗಳ ಪೈಕಿ ಐದು ಕೆಲಸ ಮಾಡುತ್ತಿರಲಿಲ್ಲ. ‘ದುರಸ್ತಿಯಲ್ಲಿದೆ’ ಎಂಬ ಚೀಟಿಯೇ ಬಿಸಿಲಿಗೆ ಹಳದಿಯಾಗಿತ್ತು. ಕಟ್ಟಡ ಮಾತ್ರ ಭವ್ಯವಾಗಿತ್ತು, ಉದ್ಘಾಟನೆಯ ಕಲ್ಲಿನ ಮೇಲೆ ಹತ್ತು ಹೆಸರುಗಳಿದ್ದವು. ಇದು ಯಾರೊಬ್ಬರ ಉದಾಸೀನವಲ್ಲ, ನಮ್ಮ ಬಜೆಟ್ ಪದ್ಧತಿಯ ಸಹಜ ಫಲ. ಕಟ್ಟಡಕ್ಕೆ ಬಂಡವಾಳ ವೆಚ್ಚದಲ್ಲಿ ಹಣ ಸಿಗುತ್ತದೆ. ಅದಕ್ಕೆ ಅಡಿಗಲ್ಲು ಉಂಟು, ಮೆರವಣಿಗೆ ಉಂಟು. ಗುಂಡಿಯ ಸ್ಪ್ರಿಂಗು, ಸುಟ್ಟ ದೀಪ, ಮಕ್ಕಳಿಗೆ ವಿವರಿಸುವ ಯುವಕನ ಸಂಬಳ ಇವೆಲ್ಲ ರಾಜಸ್ವ ವೆಚ್ಚ. ಮಿತವ್ಯಯದ ಸುತ್ತೋಲೆ ಬಂದಾಗ ಮೊದಲ ಕತ್ತರಿ ಬೀಳುವುದು ಅಲ್ಲಿಗೇ. ಮುಟ್ಟಿ ನೋಡಲೆಂದೇ ಮಾಡಿದ ವಸ್ತು ಮುಟ್ಟಿದಷ್ಟೂ ಕೆಡುತ್ತದೆ. ಕೆಡದೇ ಇರುವ ವಿಜ್ಞಾನ ಕೇಂದ್ರವೆಂದರೆ ಮಕ್ಕಳು ಬಾರದ ವಿಜ್ಞಾನ ಕೇಂದ್ರ. ಆದ್ದರಿಂದ ಹೊಸ ಕೇಂದ್ರಕ್ಕೆ ಮಂಜೂರಾತಿ ಕೊಡುವಾಗಲೇ ಹತ್ತು ವರ್ಷದ ನಿರ್ವಹಣೆಯ ಹಣಕ್ಕೂ ಮಂಜೂರಾತಿ ಇರಬೇಕು. ಅದಿಲ್ಲದಿದ್ದರೆ ಕಡತವನ್ನು ಹಿಂದಿರುಗಿಸಬೇಕು. ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ 1934ರಲ್ಲೇ ಗ್ರಂಥ ಬರೆದ ವಿಶ್ವೇಶ್ವರಯ್ಯನವರ ನಾಡಿನಲ್ಲಿ ಇಷ್ಟು ಶಿಸ್ತು ಹೆಚ್ಚಿನದೇನಲ್ಲ.

ವಿವರಣೆಗಾರರ ಬಗ್ಗೆಯೂ ಒಂದು ಮಾತು. ಫಲಕ ಓದಿದ ಮಗುವಿಗೂ ಕೊನೆಗೆ ಮನುಷ್ಯನೊಬ್ಬ ಬೇಕು. ನಮ್ಮ ವಿಶ್ವವಿದ್ಯಾಲಯಗಳಿಂದ ವರ್ಷಂಪ್ರತಿ ಹೊರಬರುವ ವಿಜ್ಞಾನ ಪದವೀಧರರಿಗೆ ಕೆಲಸವಿಲ್ಲ. ಸಂಗ್ರಹಾಲಯ, ಮೃಗಾಲಯಗಳಲ್ಲಿ ಕನ್ನಡದಲ್ಲಿ ವಿವರಿಸಲು ಜನ ಸಾಲದು. ಇವೆರಡನ್ನೂ ಒಂದೆಡೆ ಸೇರಿಸಲು ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ.

ಇನ್ನು ದರದ ವಿಷಯ. ವಿಜ್ಞಾನ ಸಂಗ್ರಹಾಲಯಗಳಲ್ಲಿ ವಾರದ ದಿನಗಳಂದು ಎಲ್ಲ ಶಾಲಾ ಮಕ್ಕಳಿಗೂ ಅವರನ್ನು ಕರೆತರುವ ಶಿಕ್ಷಕರಿಗೂ ಪ್ರವೇಶ ಪೂರ್ತಿ ಉಚಿತವಾಗಿರಲಿ. ಮೃಗಾಲಯಗಳಲ್ಲಿ ಇದಕ್ಕೆ ತಿರುಗುಮುರುಗಾಗಿ, ಭಾನುವಾರ ಮತ್ತು ರಜಾದಿನಗಳಲ್ಲಿ ಸಂದರ್ಶಕರ ಸಂಖ್ಯೆಗೆ ಮಿತಿ ಇರಲಿ, ಕಾರು ನಿಲುಗಡೆಯ ಶುಲ್ಕ ದುಬಾರಿಯಾಗಲಿ, ವಾರದ ನಡುವಿನ ದಿನ ಅಗ್ಗವಾಗಲಿ. ದರ ಹೆಚ್ಚಿಸಿದರೆ ಬಡವರು ಹೊರಗುಳಿಯುತ್ತಾರೆ ಎಂಬ ಆಕ್ಷೇಪ ಬರುವುದು ಸಹಜ, ಅದು ಸಕಾರಣವೂ ಹೌದು. ಅದಕ್ಕೇ ಹೆಚ್ಚಳವನ್ನು ಕಾರಿನ ಮೇಲೆ ಹೊರಿಸಬೇಕೆನ್ನುತ್ತೇನೆ, ತಲೆಯ ಮೇಲಲ್ಲ. ಬಸ್ಸಿನಲ್ಲಿ ಬಂದವರಿಗೆ ಒಂದು ರೂಪಾಯಿಯೂ ಏರಬಾರದು. ಭಾನುವಾರವೊಂದೇ ಬಿಡುವಿರುವ ದಿನಗೂಲಿಯವರಿಗಾಗಿ ಆ ದಿನದ ಮಿತಿಯೊಳಗೆ ಇಂತಿಷ್ಟು ಟಿಕೆಟ್ಟುಗಳನ್ನು ಮೊಬೈಲಿನಲ್ಲಿ ಮಾರದೆ ಕಿಟಕಿಯಲ್ಲೇ ಮಾರಬೇಕು.

ಬನ್ನೇರುಘಟ್ಟಕ್ಕೂ ಮೈಸೂರಿನ ಮೃಗಾಲಯಕ್ಕೂ ಮಂಗಳವಾರ ರಜೆ. ಆ ದಿನ ಪ್ರಾಣಿಗಳು ವಿರಮಿಸಿಕೊಂಡ ಮೇಲೆ, ಬುಧವಾರ ಬೆಳಗಿನ ಎರಡು ತಾಸುಗಳನ್ನು ಸರ್ಕಾರಿ ಶಾಲೆಗಳ ಮಕ್ಕಳಿಗೆ ಮೀಸಲಿಟ್ಟು, ತಾಲ್ಲೂಕುಗಳಿಂದ ಸರದಿಯ ಪ್ರಕಾರ ಅವರನ್ನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಕರೆತರಬಹುದು. ಗದ್ದಲವಿಲ್ಲದ ಹೊತ್ತಿನಲ್ಲಿ ಕರಡಿಯನ್ನು ನೋಡಿ, ಮಧ್ಯಾಹ್ನ ಬೆಂಗಳೂರಿನ ಮಕ್ಕಳು ಕಸ್ತೂರಬಾ ರಸ್ತೆಗೂ ಬರಬಹುದು. ಇದಕ್ಕೆ ಹೊಸ ಕಾಯಿದೆ ಬೇಡ, ಸಂಪುಟದ ಉಪಸಮಿತಿ ಬೇಡ. ಶಿಕ್ಷಣ, ಅರಣ್ಯ ಮತ್ತು ಸಾರಿಗೆ ಇಲಾಖೆಗಳ ಮೂವರು ಕಾರ್ಯದರ್ಶಿಗಳು ಒಂದು ಮೇಜಿನ ಸುತ್ತ ಅರ್ಧ ದಿನ ಕುಳಿತು ಜಂಟಿ ಸುತ್ತೋಲೆಯೊಂದಕ್ಕೆ ಸಹಿ ಹಾಕಿದರೆ ಸಾಕು. ಮುಂದಿನ ಶೈಕ್ಷಣಿಕ ವರ್ಷ ಜೂನ್‌ನಲ್ಲಿ ಆರಂಭವಾಗುತ್ತದೆ.